ಆಂಟಿವೈರಸ್ ಕೊಳ್ಳುವ ಮೊದಲು ಎಕ್ಸ್‌ಕ್ಲೂಷನ್ ಪಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಅಂಗಡಿಗಳಲ್ಲಿ ಮನೆಗೆ ಕಂಪ್ಯೂಟರ್ ಒಯ್ಯುವವರಿಗೆ ಬಿಲ್ ಹರಿಯುವ ಮುಂಚೆ ಎದುರಾಗುವ ಪ್ರಶ್ನೆ, ‘ಆಂಟಿವೈರಸ್ ಯಾವುದು ಹಾಕ್ಲಿರಿ?’ ಗಿರಾಕಿಗೆ ಗೊತ್ತಿರುವುದು ಬೆಲೆ ಮಾತ್ರ. ಅಂಗಡಿಯವರು ಸ್ಟಾಕ್ ಇರುವುದನ್ನು ಕೊಡುತ್ತಾರೆ. ಹೋಲಿಸಿ ನೋಡುವುದು ಹೇಗೆಂದು ಹೇಳುವವರು ಇಲ್ಲದ ಕಾರಣ, ಕಂಪ್ಯೂಟರ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನಾವು ಈ ಪತ್ರ ಬರೆಯುತ್ತಿದ್ದೇವೆ.

ಹೋಲಿಕೆ ಶುರುವಾಗಬೇಕಾದುದು ವಿಂಡೋಸ್‌ನಿಂದ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ಅಪ್‌ಡೇಟ್ ಪುಟದಲ್ಲಿ ಇಎಸ್‌ಯು ಯೋಜನೆಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು, ಅಂದರೆ ವಿಂಡೋಸ್‌ನ ಲೋಪಗಳನ್ನು ಮುಚ್ಚುವ ಅಪ್‌ಡೇಟ್‌ಗಳು ಬರುತ್ತವೆ. ಅದಕ್ಕೆ ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ತೇಪೆ ನಿಂತುಹೋದ ವಿಂಡೋಸ್ ಮೇಲೆ ಎಷ್ಟೇ ದುಬಾರಿ ಸೂಟ್ (ಆಂಟಿವೈರಸ್ ಜೊತೆ ಇತರ ಸೌಲಭ್ಯಗಳೂ ಸೇರಿದ ಕಟ್ಟು) ಹಾಕಿದರೂ ರಂಧ್ರ ಹಾಗೇ ಉಳಿಯುತ್ತದೆ. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್) ಹೊಕ್ಕಿದ್ದು ಅಂಥದೇ ರಂಧ್ರದಲ್ಲಿ. ಅದನ್ನು ಮುಚ್ಚುವ ತೇಪೆ ಆ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು.

ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ, ಪುಕ್ಕಟೆ. ‘ಅದು ಕೆಲಸಕ್ಕೆ ಬರಂಗಿಲ್ರಿ’ ಎನ್ನುವುದು ಹಳೆಯ ಮಾತು. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಸುಗಮತೆ ಎಂಬ ಮೂರು ವಿಭಾಗಕ್ಕೆ ತಲಾ 6ರಂತೆ 18 ಅಂಕ ಇಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಅದರಲ್ಲಿ ಹಣ ಕೊಟ್ಟು ಕೊಳ್ಳುವ ಸೂಟ್‌ಗಳ ಸಾಲಿನಲ್ಲೇ ನಿಂತಿದೆ.

ಆದರೆ ಡಿಫೆಂಡರ್‌ಗೆ ಒಂದು ಕೊರತೆ ಇದೆ, ಅದು ನಮ್ಮ ಕಡೆಯ ಮನೆಗಳಿಗೆ ಮುಖ್ಯವಾದದ್ದು. ಅದರ ಬಲದ ದೊಡ್ಡ ಪಾಲು ಇಂಟರ್‌ನೆಟ್ ಆಚೆಗಿರುವ ಮೈಕ್ರೋಸಾಫ್ಟ್ ಸರ್ವರ್‌ಗಳಲ್ಲಿದೆ. ಆಸ್ಟ್ರಿಯಾದ ಎವಿ-ಕಂಪಾರಿಟಿವ್ಸ್ ಸಂಸ್ಥೆಯ ಮಾಲ್‌ವೇರ್ ಪರೀಕ್ಷೆಯಲ್ಲಿ ನೆಟ್ ಇದ್ದಾಗಿನ ಪತ್ತೆಗೆ, ನೆಟ್ ಇಲ್ಲದಾಗಿನ ಪತ್ತೆಗೆ ಬೇರೆ ಬೇರೆ ಅಂಕಣ ಇರುತ್ತವೆ. ಡಿಫೆಂಡರ್ ನೆಟ್ ಇಲ್ಲದಾಗಿನ ಪತ್ತೆಯಲ್ಲಿ ಸ್ಪಷ್ಟವಾಗಿ ಹಿಂದೆ ಬೀಳುತ್ತದೆ, ಬಿಟ್‌ಡಿಫೆಂಡರ್‌ನಂಥವು ಮುಂದಿರುತ್ತವೆ. ಫೈಬರ್ ಸಂಪರ್ಕ ಇರುವ ಮನೆಗೆ ಈ ವ್ಯತ್ಯಾಸ ತಟ್ಟುವುದಿಲ್ಲ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಮಗ ಮನೆಗೆ ಬಂದಾಗ ಮಾತ್ರ ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೆಟ್ ಸಿಗುವ, ಉಳಿದ ದಿನ ಪೆನ್‌ಡ್ರೈವ್ ಮೇಲೆ ನಡೆಯುವ ಕಂಪ್ಯೂಟರ್‌ಗೆ ಖಂಡಿತ ತಟ್ಟುತ್ತದೆ. ಅಂಥವರು ಹಣ ಕೊಟ್ಟು ಸೂಟ್ ಕೊಂಡರೆ ಅದು ದುಂದಲ್ಲ. ಕೊಳ್ಳುವ ಮುಂಚೆ ನೆಟ್ ಇಲ್ಲದಾಗಿನ (ಆಫ್‌ಲೈನ್) ಪತ್ತೆಯ ಅಂಕಣ ನೋಡಿ. ಹಾಟ್‌ಸ್ಪಾಟ್ ಅನ್ನು ‘ಮೀಟರ್ಡ್’ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತು ಹಾಕಿದ್ದರೆ ವಿಂಡೋಸ್ ಅಪ್‌ಡೇಟ್‌ಗಳು ತಾವಾಗಿ ಇಳಿಯದೆ ಕಾಯುತ್ತವೆ. ವಾರಕ್ಕೊಮ್ಮೆಯಾದರೂ ವಿಂಡೋಸ್ ಅಪ್‌ಡೇಟ್ ಮತ್ತು ‘ಪ್ರೊಟೆಕ್ಷನ್ ಅಪ್‌ಡೇಟ್ಸ್’ ಎರಡನ್ನೂ ಕೈಯಾರೆ ಒತ್ತಬೇಕು.

ಪೆನ್‌ಡ್ರೈವ್ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮನೆ ಕಂಪ್ಯೂಟರ್‌ಗೆ ರೋಗ ತಗಲುವ ದಾರಿಗಳಲ್ಲಿ ಇದು ಮುಖ್ಯವಾದದ್ದು. 371ಜೆ ಅರ್ಹತಾ ಪತ್ರ, ಅಂಕಪಟ್ಟಿ, ಪಹಣಿ ಪ್ರಿಂಟ್ ತೆಗೆಸಲು ಸೂಪರ್ ಮಾರ್ಕೆಟ್‌ನಲ್ಲೋ ಮಿನಿ ವಿಧಾನಸೌಧದ ಬಳಿಯೋ ಯಾವುದೋ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಡುತ್ತೇವೆ. ದಿನವಿಡೀ ಹತ್ತಾರು ಜನರ ಪೆನ್‌ಡ್ರೈವ್ ಕಚ್ಚಿಸಿಕೊಳ್ಳುವ ಕಂಪ್ಯೂಟರ್ ಅದು. ಅಲ್ಲಿ ಹತ್ತಿದ ಶಾರ್ಟ್‌ಕಟ್ ವೈರಸ್, ನಮ್ಮ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ನೊಳಗೆ ಹೆಸರೇ ಇಲ್ಲದ ಒಂದು ಫೋಲ್ಡರ್‌ಗೆ ಸರಿಸಿ ಬಚ್ಚಿಟ್ಟು, ಹೊರಗೆ ಬಾಣದ ಗುರುತಿನ ಐಕಾನ್ ಒಂದನ್ನು ಇಡುತ್ತದೆ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಫೈಲುಗಳು ಎಂದಿನಂತೆ ತೆರೆಯುತ್ತವೆ, ಹಿಂದೆಯೇ ವೈರಸ್ಸೂ ಓಡುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಬಾಣದ ಐಕಾನ್ ಕಂಡರೆ ಕ್ಲಿಕ್ ಮಾಡಬೇಡಿ. ಮೊದಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ದಲ್ಲಿ ‘ಹಿಡನ್ ಐಟಮ್ಸ್’ ಆನ್ ಮಾಡಿ. ಅಷ್ಟಕ್ಕೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಮುಂದಿನ ಟಿಕ್ ತೆಗೆಯಿರಿ. ಹೆಸರಿಲ್ಲದ ಫೋಲ್ಡರ್ ಆಗ ಕಾಣುತ್ತದೆ. ಅದರಿಂದ ನಿಮ್ಮ ಪಿಡಿಎಫ್, ಫೋಟೊ, ವರ್ಡ್ ಫೈಲುಗಳನ್ನಷ್ಟೇ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ತೆಗೆದ ಟಿಕ್ ಮತ್ತೆ ಹಾಕಿ. ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಮಾತ್ರ ಯಾವಾಗಲೂ ಆನ್ ಇರಲಿ. ಪಿಡಿಎಫ್ ಚಿತ್ರ ಹೊತ್ತ ಫೈಲಿನ ಹೆಸರು ಇಎಕ್ಸ್‌ಇ ಎಂದು ಮುಗಿದರೆ ಅದು ಪಿಡಿಎಫ್ ಅಲ್ಲ.

ಇನ್ನು ಶೀರ್ಷಿಕೆಯ ಮಾತಿಗೆ ಬರುತ್ತೇವೆ. ಲೈಸೆನ್ಸ್ ಇಲ್ಲದ ವಿಂಡೋಸ್, ಆಫೀಸ್ ಹಾಕುವವರು ಅದನ್ನು ‘ಆಕ್ಟಿವೇಟ್’ ಮಾಡುವ ಕ್ರ್ಯಾಕ್ ಓಡಿಸುತ್ತಾರೆ. ಆಂಟಿವೈರಸ್ ಅದನ್ನು ಹಿಡಿಯುತ್ತದೆ. ಹಿಡಿಯದಿರಲೆಂದು ಸಿ ಡ್ರೈವ್ ಪೂರ್ತಿಯನ್ನೇ ಎಕ್ಸ್‌ಕ್ಲೂಷನ್‌ಗೆ, ಅಂದರೆ ತಪಾಸಣೆಯಿಂದ ಹೊರಗಿಡುವ ಪಟ್ಟಿಗೆ ಸೇರಿಸಿಬಿಡುವುದುಂಟು. ಆಮೇಲೆ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಲೇ ಇರುತ್ತದೆ, ಆದರೆ ಸಿ ಡ್ರೈವ್‌ನ ಒಳಗೆ ಇಣುಕುವುದೂ ಇಲ್ಲ. ಇದು ನಮಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಪದ್ಧತಿ. ಹಣ ಕೊಟ್ಟ ಗಿರಾಕಿಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ. ವಿಂಡೋಸ್ ಸೆಕ್ಯೂರಿಟಿ ತೆರೆದು ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’, ಅದರಲ್ಲಿ ‘ಮ್ಯಾನೇಜ್ ಸೆಟ್ಟಿಂಗ್ಸ್’, ಕೆಳಗೆ ‘ಎಕ್ಸ್‌ಕ್ಲೂಷನ್ಸ್’ ನೋಡಿ. ಹೊಸ ಕಂಪ್ಯೂಟರ್‌ನಲ್ಲಿ ಆ ಪಟ್ಟಿ ಖಾಲಿ ಇರಬೇಕು. ಡ್ರೈವ್ ಹೆಸರೋ ಡೌನ್‌ಲೋಡ್ಸ್ ಫೋಲ್ಡರೋ ಅಲ್ಲಿದ್ದರೆ ತೆಗೆದುಹಾಕಿ, ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹಿಡಿಯುತ್ತದೆ. ‘ಮ್ಯಾನೇಜ್ ಸೆಟ್ಟಿಂಗ್ಸ್’ ಪುಟದಲ್ಲೇ ‘ಟ್ಯಾಂಪರ್ ಪ್ರೊಟೆಕ್ಷನ್’ (ಬೇರೆ ತಂತ್ರಾಂಶಗಳು ಡಿಫೆಂಡರ್ ಸೆಟ್ಟಿಂಗ್ ಬದಲಿಸದಂತೆ ತಡೆಯುವುದು) ಆನ್ ಇದೆಯೇ ಎಂದೂ ನೋಡಿ.

ನುಡಿಯಂಥ ಕನ್ನಡ ತಂತ್ರಾಂಶಗಳು ಕೀಲಿ ಒತ್ತಿದ್ದನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಕೀಲಿಯನ್ನೇ ಹಿಡಿಯುವುದರಿಂದ ಕೆಲವು ಸೂಟ್‌ಗಳು ಇವನ್ನೂ ಅನುಮಾನಿಸಬಹುದು. ಆಗ ನುಡಿಯ ಫೋಲ್ಡರ್ ಒಂದನ್ನಷ್ಟೇ ಹೊರಗಿಡಿ, ಅದೂ ಮೂಲ ತಾಣದಿಂದ ಇಳಿಸಿಕೊಂಡದ್ದಾದರೆ ಮಾತ್ರ.

ಡಬ್ಬಿಯ ಮೇಲಿನ ‘ಆಂಟಿವೈರಸ್’, ‘ಇಂಟರ್‌ನೆಟ್ ಸೆಕ್ಯೂರಿಟಿ’, ‘ಟೋಟಲ್ ಸೆಕ್ಯೂರಿಟಿ’ ಎಂಬ ದರ್ಜೆಗಳಲ್ಲಿ ವೈರಸ್ ಹಿಡಿಯುವ ಎಂಜಿನ್ ಸಾಮಾನ್ಯವಾಗಿ ಒಂದೇ. ಮೇಲಿನ ದರ್ಜೆಯಲ್ಲಿ ಸೇರುವುದು ಬ್ಯಾಂಕಿಂಗ್ ಬ್ರೌಸರ್, ಮಕ್ಕಳ ಮೇಲಿನ ನಿಗಾ, ವಿಪಿಎನ್ (ನೆಟ್ ಸಂಪರ್ಕವನ್ನು ಗೂಢವಾಗಿಸುವುದು), ಟ್ಯೂನ್‌ಅಪ್ (ಕಂಪ್ಯೂಟರನ್ನು ಚುರುಕುಗೊಳಿಸುವುದಾಗಿ ಹೇಳುವುದು) ಇಂಥವು. ಟ್ಯೂನ್‌ಅಪ್‌ಗೆ ಹಣ ಕೊಡುವುದು ವ್ಯರ್ಥ. ವಿಪಿಎನ್ ಇದೆ ಎಂದರೆ ಮಿತಿ ಎಷ್ಟೆಂದು ಕೇಳಿ. ಬಿಟ್‌ಡಿಫೆಂಡರ್ ಸೂಟ್ ಜೊತೆ ಪುಕ್ಕಟೆ ಬರುವುದು ದಿನಕ್ಕೆ 200 ಎಂಬಿ. ಕ್ರೋಮ್ ಬಳಸುವವರಿಗೆ ನಕಲಿ ಬ್ಯಾಂಕ್ ಪುಟಗಳನ್ನು ತಡೆಯುವ ವೆಬ್ ಫಿಲ್ಟರ್ ಮಾತ್ರ ನಿಜಕ್ಕೂ ಉಪಯೋಗದ್ದು. ಡಿಫೆಂಡರ್ ಜೊತೆಗಿನ ಸ್ಮಾರ್ಟ್‌ಸ್ಕ್ರೀನ್‌ನ ಪುಟ ತಪಾಸಣೆ ಎಡ್ಜ್ ಬ್ರೌಸರ್‌ನಲ್ಲಿ ನಡೆಯುತ್ತದೆ, ಕ್ರೋಮ್ ಗೂಗಲ್‌ನ ಪಟ್ಟಿಯನ್ನು ನೆಚ್ಚಿಕೊಂಡಿದೆ.

ರ‍್ಯಾನ್ಸಮ್‌ವೇರ್ ತಡೆಗೆ ಡಿಫೆಂಡರ್‌ನಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಇದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಅದು ತಾನಾಗಿ ಕಾಯುತ್ತದೆ; ಡಿ ಡ್ರೈವ್‌ನಲ್ಲಿ ಫೈಲ್ ಇಡುವವರು ಆ ಫೋಲ್ಡರ್ ಸೇರಿಸಬೇಕು. ಆನ್ ಮಾಡಿದ ಮೇಲೆ ಯಾವುದಾದರೂ ತಂತ್ರಾಂಶದಲ್ಲಿ ಫೈಲ್ ಸೇವ್ ಆಗದಿದ್ದರೆ ಗಾಬರಿ ಬೇಡ, ‘ಅಲೋ ಆ್ಯನ್ ಆ್ಯಪ್’ನಲ್ಲಿ ಅದಕ್ಕೆ ಅನುಮತಿ ಕೊಡಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದರೆ ಈ ಸೌಲಭ್ಯ ನಿಂತುಹೋಗುತ್ತದೆ. ಆದ್ದರಿಂದ ಕೊಳ್ಳುವ ಸೂಟ್‌ನಲ್ಲಿ ಇದಕ್ಕೆ ಸಮನಾದದ್ದು ಇದೆಯೇ ಎಂದು ಕೇಳಲೇಬೇಕು.

ಎರಡು ಆಂಟಿವೈರಸ್ ಹಾಕಿದರೆ ಇಮ್ಮಡಿ ರಕ್ಷಣೆ ಸಿಗುವುದಿಲ್ಲ. ತೆರೆದ ಪ್ರತಿ ಫೈಲನ್ನೂ ಎರಡೂ ತಡೆದು ನೋಡುತ್ತವೆ. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಅಂಕಣ 100 ಶೇಕಡಾದಲ್ಲೇ ನಿಂತಿರುತ್ತದೆ. ಅಂಥ ಯಂತ್ರಕ್ಕೆ ದೊಡ್ಡ ಸೂಟ್ ಕೊಳ್ಳುವ ಬದಲು ಅದೇ ದುಡ್ಡು ಹಾರ್ಡ್ ಡಿಸ್ಕ್‌ಗಿಂತ ವೇಗವಾದ ಎಸ್‌ಎಸ್‌ಡಿಗೆ ಹಾಕುವುದು ಮೇಲು. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಮುಗಿದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಅರೆಬರೆ ಉಳಿದರೆ ಆಯಾ ಕಂಪನಿಯ ರಿಮೂವಲ್ ಟೂಲ್ ಓಡಿಸಿ, ಡಿಫೆಂಡರ್ ಮತ್ತೆ ಚಾಲೂ ಆಯಿತೇ ಎಂದು ಕಣ್ಣಾರೆ ನೋಡಿ.

ಪುಕ್ಕಟೆಯದರ ಬಗ್ಗೆಯೂ ಒಂದು ಮಾತು. ಬಳಕೆದಾರರು ಯಾವ ಪುಟ ನೋಡಿದರೆಂಬ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ, ಪುಕ್ಕಟೆ ಆಂಟಿವೈರಸ್ ಕೊಡುವ ಅವಾಸ್ಟ್ ಕಂಪನಿಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಪುಕ್ಕಟೆ ಬೇಕೆಂದರೆ ಡಿಫೆಂಡರ್ ಸಾಕು. ಈಗಾಗಲೇ ಸೋಂಕು ತಗಲಿದ ಯಂತ್ರಕ್ಕೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಪುಕ್ಕಟೆ ಶುಚಿಗೊಳಿಸುವ ಟೂಲ್‌ಗಳಿವೆ. ಫೋನ್ ಮಾಡಿ ಒಟಿಪಿ ಕೇಳುವವರನ್ನು, ಪರದೆ ಹಂಚಿಕೊಳ್ಳಿ ಎನ್ನುವವರನ್ನು ಯಾವ ಸೂಟೂ ತಡೆಯದು. ದುಡ್ಡು ಹೋದ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಆನ್‌ಲೈನ್‌ನಲ್ಲಿ ಕೊಳ್ಳುವವರು ಮೊದಲ ವರ್ಷದ ರಿಯಾಯಿತಿ ಬೆಲೆ ಅಲ್ಲ, ನವೀಕರಣದ ಬೆಲೆ ಹೋಲಿಸಲಿ. ಆಟೋ ರಿನ್ಯೂವಲ್ ಇದ್ದರೆ ಕಾರ್ಡಿನಿಂದ ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಎಸ್‌ಎಂಎಸ್ ಬಂದಾಗ ಬೇಡವಾದರೆ ರದ್ದು ಮಾಡಬಹುದು.

ಅಂಗಡಿಯವರಲ್ಲಿ ನಮ್ಮ ಕೋರಿಕೆ ಇಷ್ಟೇ: ಬಿಲ್‌ನಲ್ಲಿ ‘ಆಂಟಿವೈರಸ್ - 1’ ಎಂದು ಬರೆದು ಬಿಡಬೇಡಿ. ಹೆಸರು, ದರ್ಜೆ, ಎಷ್ಟು ಕಂಪ್ಯೂಟರ್‌ಗೆ, ಆಕ್ಟಿವೇಟ್ ಮಾಡಿದ ದಿನ, ಮುಗಿಯುವ ದಿನ, ವಿಂಡೋಸ್ ಲೈಸೆನ್ಸ್ ಇದೆಯೋ ಇಲ್ಲವೋ ಎಲ್ಲ ಬರೆಯಿರಿ. ಗಿರಾಕಿಗಳು ಇಷ್ಟು ಬರೆಸಿಕೊಳ್ಳದೆ, ಎಕ್ಸ್‌ಕ್ಲೂಷನ್ ಪಟ್ಟಿ ತೆರೆಸಿ ನೋಡದೆ ಹಣ ಕೊಡಬಾರದು.

ಇಂತಿ,
ಕಂಪ್ಯೂಟರ್ ರಿಪೇರಿ ಕೆಲಸಗಾರರು, ಕಲಬುರಗಿ