ಮೊದಲು ಎದುರಿನವಳ ನಡೆ ನೋಡವ್ವಾ

ಕಲಬುರಗಿ

ಪ್ರೀತಿಯ ಮಗಳೇ,

ಬೀದರಿನ ಹಾಸ್ಟೆಲ್‌ನಿಂದ ನೀನು ಬರೆದು ಕಳಿಸಿದ ಚೆಸ್ ಆಟಗಳನ್ನೆಲ್ಲ ಬೋರ್ಡಿನ ಮೇಲೆ ಆಡಿ ನೋಡಿದೆ. ಸೋತೆ ಅಂತ ಬೇಜಾರು ಮಾಡಿಕೊಳ್ಳಬೇಡವ್ವಾ. ನನಗೆ ಕಂಡದ್ದು ಹೆಚ್ಚುಕಮ್ಮಿ ಒಂದೇ ತಪ್ಪು. ನೀನು ನಿನ್ನ ನಡೆಯನ್ನಷ್ಟೇ ಯೋಚಿಸುತ್ತೀ. ಎದುರಿನವಳು ಈಗ ಯಾಕೆ ಹೀಗೆ ಆಡಿದಳು ಅಂತ ಕೇಳಿಕೊಳ್ಳುವುದಿಲ್ಲ.

ಅವಳ ಒಂಟೆ ಸರಿದಾಗ ಅದರ ಕಣ್ಣು ನಿನ್ನ ಕುದುರೆ ಮೇಲಿತ್ತು. ನೀನು ಅಂಚಿನ ಕಾಲಾಳು ತಳ್ಳಿದೆ. ಕುದುರೆ ಪುಕ್ಕಟೆ ಹೋಯಿತು. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಗೆ 9 ಅಂತ ನಿನಗೆ ಬಾಯಿಪಾಠ ಇದೆ. ಆದರೆ ಲೆಕ್ಕ ಗೊತ್ತಿದ್ದರೆ ಸಾಲದು, ಪ್ರತಿ ನಡೆಗೂ ಮುಂಚೆ ನೋಡಬೇಕು: ಅವಳು ನನ್ನ ರಾಜನ ಮೇಲೆ ದಾಳಿ ಮಾಡಿ ಚೆಕ್ ಕೊಡಬಹುದಾ? ನನ್ನದು ಏನಾದರೂ ಹೊಡೆಯಬಹುದಾ?

ಇದು ಹೊಸಬರ ತಪ್ಪು ಮಾತ್ರ ಅಲ್ಲ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಕೊನೆಯ, 14ನೇ ಆಟ ನಡೆದಿತ್ತು. ಡ್ರಾ ಆಗುವಂತೆ ಕಾಣುತ್ತಿತ್ತು. 55ನೇ ನಡೆಯಲ್ಲಿ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ತಂದರು. ಅದೇ ತಪ್ಪಾಯಿತು. ನಮ್ಮ ಭಾರತದ ಗುಕೇಶ್ ಆನೆಗಳನ್ನೂ ಒಂಟೆಗಳನ್ನೂ ಅದಲುಬದಲು ಮಾಡಿ, ಉಳಿದ ಕಾಲಾಳುಗಳಿಂದಲೇ ಗೆದ್ದರು. ಆಗ ಅವರಿಗೆ 18 ವರ್ಷ.

ಇನ್ನು ನಿನ್ನ ರಾಣಿ. ಎರಡನೇ ನಡೆಗೇ ಅದನ್ನು ಎಚ್5ಕ್ಕೆ ಕಳಿಸಿದ್ದೀ. ಕಪ್ಪಿನ ಎಫ್7 ಮನೆಗೆ ಶುರುವಿನಲ್ಲಿ ರಾಜನದೊಂದೇ ಕಾವಲು, ಒಂಟೆಯ ಬಲದಿಂದ ಅಲ್ಲೇ ಮೇಟ್ ಮಾಡಬೇಕು, ಅಂದರೆ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಚೆಕ್ ಕೊಡಬೇಕು ಅನ್ನುವ ಆಸೆ ನಿನ್ನದು. ಗೊತ್ತಿಲ್ಲದವರ ಹತ್ತಿರ ಅದು ನಡೆಯುತ್ತದೆ. ಇವಳು ಕಾಲಾಳು ತಳ್ಳಿ ರಾಣಿಯನ್ನು ಓಡಿಸಿದಳು. ನಿನ್ನ ರಾಣಿ ಸುಮ್ನೆ ಓಡಾಡುವಷ್ಟರಲ್ಲಿ ಅವಳ ಎರಡೂ ಕುದುರೆ ಹೊರಗೆ ಬಂದಿದ್ದವು. ಮೊದಲು ಕುದುರೆ, ಒಂಟೆ ಹೊರಗೆ ತಾ, ನಡುವಿನ ಮನೆಗಳು ನಿನ್ನ ಹಿಡಿತದಲ್ಲಿರಲಿ, ಬೇಗ ಕ್ಯಾಸ್ಲಿಂಗ್ ಮಾಡು, ಅಂದರೆ ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಪಕ್ಕಕ್ಕೆ ಇಡು.

ಕ್ಯಾಸ್ಲಿಂಗ್ ನೀನು ಯಾಕೆ ಮರೆಯುತ್ತೀ ಅಂತ ನನಗೆ ಗೊತ್ತು. ನಿನಗೆ ಆಟ ಕಲಿಸಿದ್ದು ಮುತ್ಯಾ. ಅವರದು ಹಳೆಯ ದೇಸಿ ಚದುರಂಗ. ಅದರಲ್ಲಿ ಕ್ಯಾಸ್ಲಿಂಗ್ ಇಲ್ಲ, ರಾಜ ಒಂದು ಸಲ ಕುದುರೆಯಂತೆ ಹಾರಬಹುದು, ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ಆ ಆಟ ಬಹಳ ಚಂದ, ರಜೆಗೆ ಬಂದಾಗ ಮುತ್ಯಾನ ಜೊತೆ ಅದನ್ನೇ ಆಡು. ಟೂರ್ನಮೆಂಟಿನಲ್ಲಿ ಮಾತ್ರ ನಿಯಮ ಬೇರೆ. ಅಲ್ಲಿ ಆಡಬೇಕು ಅಂತ ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಅದಕ್ಕೇ ಯೋಚನೆ ಮುಗಿಯುವ ತನಕ ಕೈ ಮಡಿಲಲ್ಲಿರಲಿ.

ಕೊನೆಯ ಆಟದಲ್ಲಿ ಗೆಲುವು ನಿನ್ನದೇ ಇತ್ತು. ಅವಳ ಹತ್ತಿರ ಬರೀ ರಾಜ, ನಿನ್ನ ಹತ್ತಿರ ರಾಣಿ. ಚೆಕ್ ಕೊಡದೆ ಅವನ ಎಲ್ಲಾ ಮನೆ ಮುಚ್ಚಿಬಿಟ್ಟೆ, ಸ್ಟೇಲ್‌ಮೇಟ್ ಆಗಿ ಆಟ ಡ್ರಾ ಆಯಿತು. ಈ ವಾರ ಇದೊಂದನ್ನೇ ಅಭ್ಯಾಸ ಮಾಡು. ಬಿಳಿ ರಾಜ, ರಾಣಿ ಮತ್ತು ಕಪ್ಪು ರಾಜನನ್ನು ಬೋರ್ಡಿನ ಮೇಲೆ ಇಡು. ಮೊದಲ ನಡೆ ಬಿಳಿಯದು. ಎಲ್ಲಿಟ್ಟರೂ ಸರಿಯಾಗಿ ಆಡಿದರೆ 10 ನಡೆಯೊಳಗೆ ಮೇಟ್ ಆಗುತ್ತದೆ. ಭಾನುವಾರ ಬೀದರ್ ರೈಲಿಗೆ ಬರುತ್ತೇನೆ, ಕಪ್ಪು ರಾಜ ನನಗಿರಲಿ.

ನಿನ್ನ ಅಪ್ಪ