ಪದ್ಯ ತಿದ್ದಿ, ಹೆಸರು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಅಮ್ಮಂದಿರ ದಿನದಂದು ಬೆಳಿಗ್ಗೆ ನನ್ನ ತಂಗಿಯ ಮಗ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪದ್ಯ ಹಾಕಿದ. ಹಿಂದೆ ಗುಲಾಬಿ ಹೂವಿನ ಚಿತ್ರ, ಮೇಲೆ ಹಲವು ಕೈ ದಾಟಿ ಬಂದದ್ದೆಂದು ತೋರಿಸುವ ಎರಡು ಬಾಣದ ಗುರುತು, ಕೆಳಗೆ 'ಕೃಪೆ: ವಾಟ್ಸಾಪ್'. 'ದೊಡ್ಡಮ್ಮ, ನಿಂಗೆ ಇಷ್ಟ ಆಗ್ತದೆ, ಓದು' ಎಂದು ಬೇರೆ ಬರೆದಿದ್ದ. ಓದಿದೆ. ಅದು ನನ್ನದೇ ಪದ್ಯ.

ನಾನು ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆಯವಳು. ಹುಂಚದ ಹತ್ತಿರ ಹುಟ್ಟುವ ಹೊಳೆಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ಪುಸ್ತಕ ಮಾಡಿಲ್ಲ. ಫೋನಿನಲ್ಲಿ ನಮ್ಮದೊಂದು ಕವಿತೆಯ ಗುಂಪಿದೆ, ಮೂವತ್ತೆಂಟು ಜನ: ತೋಟದವರು, ಮೇಷ್ಟ್ರುಗಳು, ಒಬ್ಬ ಬಸ್ ಕಂಡಕ್ಟರ್, ಮದುವೆಯಾಗಿ ಬೆಂಗಳೂರು ಸೇರಿದ ಹುಡುಗಿಯರು. ಶನಿವಾರ ರಾತ್ರಿ ಒಬ್ಬರು ಪದ್ಯ ಹಾಕಿದರೆ ಭಾನುವಾರವಿಡೀ ಉಳಿದವರು ಅದರ ಮೇಲೆ ಮಾತಾಡಬೇಕು. 'ಸೂಪರ್' ಎಂದು ಜಾರಿಕೊಳ್ಳುವಂತಿಲ್ಲ.

ಆ ಪದ್ಯ ಅಡಿಕೆ ಸುಲಿಯುವ ರಾತ್ರಿಗಳದ್ದು. ಮೊದಲು ಹೀಗಿತ್ತು: 'ಸುಲಿವ ಇರುಳಿಗೆ ತಂಪು, ಅವ್ವನ ಬೆರಳಿಗೆ ಚೊಗರಿನ ಕೆಂಪು.' ಚೊಗರೆಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಪದ್ಯ ಹಾಕಿದ ಅರ್ಧ ಗಂಟೆಗೆ ಸಾಗರ ಸೀಮೆಯ ಅಜ್ಜಿಯೊಬ್ಬರ ಧ್ವನಿ ಸಂದೇಶ ಬಂತು. 'ತಂಗೀ, ಚೊಗರು ಬರೋದು ಅಡಿಕೆ ಬೇಯಿಸಿದ ಮೇಲಲ್ಲನೇ? ಸುಲಿಯೋವಾಗ ಬೆರಳು ಕಪ್ಪಾಗ್ತದೆ. ನಿನ್ನ ಅವ್ವನ ಕೈ ನೆನಪು ಮಾಡ್ಕೋ.' ನಿಜವೇ. ಹಸಿ ಸಿಪ್ಪೆಯ ಕರೆ ಹತ್ತಿ ಅವ್ವನ ಬೆರಳು ಸುಗ್ಗಿ ಮುಗಿದರೂ ಬೆಳ್ಳಗಾಗುತ್ತಿರಲಿಲ್ಲ. ಪ್ರಾಸದ ಆಸೆಗೆ ನಾನು ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆದಿದ್ದೆ. ತಿದ್ದಿದೆ: 'ಸುಲಿವ ಇರುಳೂ ಕಪ್ಪು, ಅವ್ವನ ಬೆರಳೂ ಕಪ್ಪು, ಎರಡನ್ನೂ ಬಲ್ಲದ್ದು ಮೆಟ್ಟುಗತ್ತಿಯೊಂದೇ.' ಕೆಳಗೆ ನನ್ನ ಕಾವ್ಯನಾಮ, ಅದರಡಿ 'ತಿದ್ದಿದವರು: ಸಾಗರ ಸೀಮೆಯ ಅಜ್ಜಿ' ಎಂದು ಹಾಕಿದೆ. ತನ್ನ ಹೆಸರು ಬೇಡ, ಇಷ್ಟೇ ಸಾಕು ಎಂದವರೂ ಅವರೇ. ಓದುವವರು ಪದ್ಯದೊಳಗೆ ಕೈಹಾಕಬೇಕು ಎಂದು ನಾನು ಹೇಳುವುದು ಇದನ್ನು ಕಂಡೇ.

ಗುಲಾಬಿಯ ಮೇಲಿದ್ದ ಪದ್ಯದಲ್ಲಿ ನಮ್ಮಿಬ್ಬರ ಹೆಸರೂ ಹೋಗಿತ್ತು. 'ಮೆಟ್ಟುಗತ್ತಿ' ಹೋಗಿ 'ಕುಡುಗೋಲು' ಬಂದಿತ್ತು. ಬಯಲುಸೀಮೆಯ ಯಾರಿಗೋ ಆ ಮಾತು ಅರ್ಥವಾಗಿರಲಿಕ್ಕಿಲ್ಲ. ಕುಡುಗೋಲಿನಲ್ಲಿ ಭತ್ತ ಕೊಯ್ಯುತ್ತಾರೆ. ಮೆಟ್ಟುಗತ್ತಿ ಎಂದರೆ ಮರದ ಹಲಗೆಗೆ ನಿಲ್ಲಿಸಿದ ಕತ್ತಿ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಎರಡೂ ಕೈಯಲ್ಲಿ ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸಬೇಕು. ನಮ್ಮಲ್ಲೂ ಈಗ ಸುಲಿಯುವ ಯಂತ್ರ ಬಂದಿದೆ, ಕತ್ತಿ ಅಟ್ಟ ಸೇರಿದೆ. ಪದ್ಯದಿಂದಲೂ ಆ ಹೆಸರನ್ನು ಕಿತ್ತರೆ ಅದು ಇನ್ನೆಲ್ಲಿ ಇರಬೇಕು? ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಆದರೆ ಕೇಳುವುದಕ್ಕೆ ಹೆಸರೇ ಇರಲಿಲ್ಲವಲ್ಲ.

ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಎರಡು ತಿಂಗಳ ಬಳಿಕ ಸಂಘವೊಂದರ ಸ್ಮರಣ ಸಂಚಿಕೆಯಲ್ಲಿ ಅದು ಬೇರೊಬ್ಬರ ಹೆಸರು, ಫೋಟೊ ಸಮೇತ ಅಚ್ಚಾಯಿತು. ಫೋನ್ ಮಾಡಿದೆ. 'ಕೊನೆಯ ಎರಡು ಸಾಲು ನನ್ನದೇ ಮೇಡಂ. ಜಾಲತಾಣಕ್ಕೆ ಹಾಕಿದ ಮೇಲೆ ಅದು ಎಲ್ಲರದೂ ಅಲ್ವಾ? ಜನಪದ ಹಾಡಿಗೆ ಯಾರ ಹೆಸರಿದೆ?' ಎಂದರು.

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಮ್ಮ ಕಡೆ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ರಾತ್ರಿಯಿಡೀ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಆ ಹಾಡುಗಳಿಗೆ ಕವಿಯ ಹೆಸರಿಲ್ಲ, ಊರಿಂದೂರಿಗೆ ಸಾಲು ಬದಲಾಗುತ್ತದೆ. ನಿಜ. ಆದರೆ ಹಾಡುವವರು ನಮ್ಮ ಅಂಗಳದಲ್ಲೇ ನಿಂತಿರುತ್ತಾರೆ. ಯಾವ ಊರವರು, ಯಾರ ಮನೆಯ ಮಕ್ಕಳು ಎಂದು ಅವರ ದೀಪಕ್ಕೆ ಎಣ್ಣೆ ಎರೆಯುವ ಹೆಂಗಸಿಗೆ ಗೊತ್ತು. ಫೋನಿನಲ್ಲಿ ಬರುವ ಪದ್ಯದ ಹಿಂದೆ ಮುಖವಿಲ್ಲ. ಇರುವುದು ಕೆಳಗಿನ ಆ ಒಂದು ಗೆರೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ 12ನೇ ಶತಮಾನದಲ್ಲಿ ತಮ್ಮ ಹೆಸರು ಹಾಕಿಕೊಳ್ಳದೆ ದೇವರ ಹೆಸರು ಹಾಕಿದರು. ಆದರೂ 'ಚೆನ್ನಮಲ್ಲಿಕಾರ್ಜುನ' ಎಂದರೆ ಅಕ್ಕ, 'ಗುಹೇಶ್ವರ' ಎಂದರೆ ಅಲ್ಲಮ ಎಂದು ಇವತ್ತಿಗೂ ಹೇಳುತ್ತೇವೆ. ಅಂಕಿತ ಕತ್ತರಿಸಿ ವಚನ ಹಾಡಿದವರನ್ನು ನಾನು ಕಂಡಿಲ್ಲ.

ಸಾಲು ಸೇರಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಒಂದು ಆಷಾಢದಲ್ಲಿ ನಾವೇ ಒಬ್ಬರ ಸಾಲಿಗೆ ಇನ್ನೊಬ್ಬರು ಸಾಲು ಕಟ್ಟುತ್ತಾ ಹೋದೆವು. ನಾಲ್ಕು ದಿನ ಕರೆಂಟಿಲ್ಲ, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕು. ಕೊಡೆ ಹಿಡಿದು ನಿಂತು ನೋಡಿದರೆ ಒಟ್ಟಿಗೆ ಏಳೆಂಟು ಸಾಲು ಬಂದು ಬೀಳುತ್ತಿದ್ದವು. ಪ್ರತಿ ಸಾಲಿನ ಮುಂದೆ ಬರೆದವರ ಹೆಸರಿತ್ತು. ಸೇರಿಸಿದ ಎರಡು ಸಾಲು ಸೇರಿಸಿದವರದ್ದೇ, ಬೇಡ ಎನ್ನುವವರು ಯಾರು? ಹದಿನಾಲ್ಕು ಸಾಲು ಬರೆದವಳನ್ನೂ ಅಲ್ಲೇ ಕೂರಿಸಿ ಎಂದಷ್ಟೇ ಕೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಕೃತಿಯ ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳುವ ಹಕ್ಕನ್ನು ಬರೆದವರಿಗೇ ಉಳಿಸಿದೆ. ಕೋರ್ಟಿಗೆ ಹೋಗುವ ಮನಸ್ಸು ನನಗಿಲ್ಲ.

ಸ್ಮರಣ ಸಂಚಿಕೆ, ಪುರವಣಿ ಮಾಡುವವರಲ್ಲಿ ಒಂದು ವಿನಂತಿ: ಫೋನಿನಿಂದ ಬಂದ ಪದ್ಯ ಅಚ್ಚಿಗೆ ಕಳಿಸುವ ಮುನ್ನ ಕಳಿಸಿದವರನ್ನು 'ಇದು ಯಾರದ್ದು, ಎಲ್ಲಿ ಸಿಕ್ಕಿತು' ಎಂದು ಕೇಳಿ. ಗೊತ್ತಾಗದಿದ್ದರೆ 'ಕವಿ ತಿಳಿದಿಲ್ಲ, ಬಲ್ಲವರು ತಿಳಿಸಿ' ಎಂದು ಹಾಕಿ. ಇನ್ನು ಈ ಪತ್ರ ಓದಿದವರ ಫೋನಿನಲ್ಲಿ ಆ ಗುಲಾಬಿಯ ಪದ್ಯ ಇದ್ದರೆ, 'ಕುಡುಗೋಲು' ಅಳಿಸಿ 'ಮೆಟ್ಟುಗತ್ತಿ' ಎಂದು ಬರೆದು, ಅಜ್ಜಿಯನ್ನೂ ನನ್ನನ್ನೂ ಕೆಳಗೆ ಸೇರಿಸಿ, ಅದು ಬಂದ ಕಡೆಗೇ ವಾಪಸು ಕಳಿಸಿಕೊಡಿ.

– ಕುಮುದ್ವತಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ