ಪದೇ ಪದೇ ಕೆಡುವ ಕಾರು: ರಿಪೇರಿ ಸಾಕು, ಬದಲಿ ಕಾರು ಇಲ್ಲವೇ ಪೂರ್ಣ ಹಣ ಕೊಡಿ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕಾರು ತಯಾರಿಕಾ ಕಂಪನಿಯ ಪ್ರಧಾನ ಕಚೇರಿ

ಪ್ರತಿ: ಕಾರು ಮಾರಾಟ ಮಾಡಿದ ಅಧಿಕೃತ ಡೀಲರ್

ವಿಷಯ: ವಾರಂಟಿ ಅವಧಿಯಲ್ಲೇ ಮರುಕಳಿಸುತ್ತಿರುವ ಎಂಜಿನ್ ದೋಷ, ಕಾರು ಬದಲಿಸಿಕೊಡುವ ಅಥವಾ ಹಣ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನಾನು ಹೊಸದಾಗಿ ಕೊಂಡ ನಿಮ್ಮ ಕಂಪನಿಯ ಕಾರಿನ ವಾರಂಟಿ ಇನ್ನೂ ಮುಗಿದಿಲ್ಲ. ಅರ್ಧ ಗಂಟೆ ಓಡಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದರಲ್ಲೂ ಏರು ರಸ್ತೆಯಲ್ಲಿ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆಮೇಲೆ ಆಕ್ಸಿಲರೇಟರ್ ಎಷ್ಟು ತುಳಿದರೂ ವೇಗ ಏರುವುದಿಲ್ಲ. ಕೆಲವೊಮ್ಮೆ ಎಂಜಿನ್ ನಡುರಸ್ತೆಯಲ್ಲೇ ನಿಂತುಬಿಡುತ್ತದೆ. ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಹಿಂದಿನಿಂದ ಲಾರಿಯೊಂದು ಹಾರ್ನ್ ಹಾಕುತ್ತ ಬರುತ್ತಿರುವಾಗ ಇದು ಎಂಥ ಅನುಭವ ಎಂಬುದನ್ನು ನಿಮ್ಮ ಎಂಜಿನಿಯರ್‌ಗಳು ಒಮ್ಮೆ ಪಕ್ಕದ ಸೀಟಿನಲ್ಲಿ ಕುಳಿತು ತಿಳಿದುಕೊಳ್ಳಲಿ. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ನಿಮ್ಮ ಸರ್ವಿಸ್ ಸೆಂಟರ್‌ನವರು ಮೊದಲು ಸೆನ್ಸರ್ ಬದಲಿಸಿದರು, ಆಮೇಲೆ ಇಂಧನ ಪಂಪ್, ಅನಂತರ ವೈರಿಂಗ್, ಕೊನೆಗೆ ಸಾಫ್ಟ್‌ವೇರ್. ಪ್ರತಿ ಸಲವೂ ‘ಇನ್ನು ತೊಂದರೆ ಬರುವುದಿಲ್ಲ ಸಾರ್’ ಎಂಬ ಭರವಸೆ. ಪ್ರತಿ ಸಲವೂ ಅದೇ ದೀಪ, ಅದೇ ನಿಲುಗಡೆ. ಇದನ್ನು ದುರಸ್ತಿ ಎನ್ನಲು ನನಗೆ ಮನಸ್ಸು ಬಾರದು. ರೋಗ ಯಾವುದೆಂದು ಗೊತ್ತಿಲ್ಲದೆ ಕೈಗೆ ಸಿಕ್ಕಿದ ಭಾಗವನ್ನು ಬದಲಿಸುತ್ತ ಹೋಗಿದ್ದೀರಿ, ಅಷ್ಟೆ.

ಪ್ರತಿ ಸಲದ ರಿಪೇರಿಯ ವಿವರ ಬರೆದುಕೊಡುವ ಜಾಬ್ ಕಾರ್ಡ್‌ಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ಅವುಗಳನ್ನು ಓದಿ. ‘ಪರೀಕ್ಷಾರ್ಥ ಚಾಲನೆ ಮಾಡಲಾಯಿತು, ದೋಷ ಕಂಡುಬಂದಿಲ್ಲ’ ಎಂದು ಬರೆದಿರುವ ಕಾರ್ಡ್‌ಗಳಲ್ಲಿ ಕಾರು ಒಳಬಂದಾಗಿನ ಮತ್ತು ಹೊರಹೋದಾಗಿನ ಓಡೋಮೀಟರ್ ಅಂಕಿಗಳೂ ಇವೆ. ಎರಡರ ನಡುವಿನ ಅಂತರ ಎರಡು ಕಿಲೋಮೀಟರ್ ಕೂಡ ಇಲ್ಲ. ಅರ್ಧ ಗಂಟೆ ಓಡಿದ ಮೇಲಷ್ಟೇ ಕಾಣಿಸಿಕೊಳ್ಳುವ ದೋಷವನ್ನು ಗೇಟಿನವರೆಗೆ ಓಡಿಸಿ ಹುಡುಕಿದ್ದಾರೆ! ಸಾಲದೆಂಬಂತೆ, ಕಾರು ಒಳಗೆ ಹೋದೊಡನೆ ಸ್ಕ್ಯಾನರ್ ಜೋಡಿಸಿ, ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷದ ಕೋಡ್ ಅಳಿಸುತ್ತಾರೆ. ಕೋಡ್ ಅಳಿಸಿದರೆ ದೋಷ ಬಂದ ಕ್ಷಣದ ವೇಗ, ಎಂಜಿನ್ ತಾಪ ಮುಂತಾದ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ‘ಈ ಮಾಡೆಲ್‌ನಲ್ಲಿ ಇದು ಮಾಮೂಲಿ ಸಾರ್’ ಎಂದು ಬಾನೆಟ್ ಮುಚ್ಚುತ್ತ ಒಬ್ಬ ಮೆಕ್ಯಾನಿಕ್ ಹೇಳಿದ್ದು ಮಾತ್ರ ಯಾವ ಕಾರ್ಡ್‌ನಲ್ಲೂ ಇಲ್ಲ. ಪಾಪ, ಅಲ್ಲಿ ನಿಜ ಹೇಳಿದವನು ಅವನೊಬ್ಬನೇ.

‘ಕೆಲಸ ತೃಪ್ತಿಕರವಾಗಿದೆ’ ಎಂಬ ಕಾಗದದಲ್ಲಿ ನನ್ನ ಸಹಿ ಇದೆಯಲ್ಲ ಎನ್ನಬಹುದು. ಆ ಸಹಿ ಹಾಕದೆ ಗೇಟ್ ಪಾಸ್ ಕೊಡುವುದಿಲ್ಲ. ಕಾರು ಹೊರಗೆ ತರಲು ಹಾಕಿದ ಸಹಿ ನನ್ನ ಹಕ್ಕು ಬಿಟ್ಟುಕೊಟ್ಟ ಪತ್ರವಾಗುವುದಿಲ್ಲ.

ಇನ್ನು ಕಾನೂನಿನ ಮಾತು. ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲೇ ಇಂಥ ಕಾರುಗಳಿಗಾಗಿ ‘ಲೆಮನ್ ಕಾನೂನು’ ಮಾಡಿತು; ಇಷ್ಟು ಯತ್ನಗಳಲ್ಲಿ ಸರಿಯಾಗದಿದ್ದರೆ ತಯಾರಕರು ಕಾರು ಬದಲಿಸಬೇಕು ಇಲ್ಲವೇ ಹಣ ಕೊಡಬೇಕು ಎಂಬ ಲೆಕ್ಕ ಅಲ್ಲಿದೆ. ನಮ್ಮಲ್ಲಿ ಹಾಗೆ ಎಣಿಸಿ ಹೇಳುವ ಪ್ರತ್ಯೇಕ ಕಾಯ್ದೆ ಇಲ್ಲ, ಮತ್ತು ಡೀಲರ್‌ಗಳು ಧೈರ್ಯವಾಗಿ ‘ಇನ್ನೊಂದು ಸಲ ನೋಡೋಣ’ ಎನ್ನುವುದು ಅದರಿಂದಲೇ ಎಂದು ನನ್ನ ಗುಮಾನಿ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕಾನೂನು, ಒಪ್ಪಂದ ಅಥವಾ ಮಾರುವವರೇ ಹೇಳಿಕೊಂಡ ಗುಣಮಟ್ಟದಲ್ಲಿ ಯಾವುದೇ ಕೊರತೆ ಇದ್ದರೂ ಅದು ದೋಷವೇ. ಸೆಕ್ಷನ್ 39ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವು ದೋಷ ನಿವಾರಿಸಲು, ದೋಷವಿಲ್ಲದ ಹೊಸ ವಸ್ತು ಕೊಡಲು, ಬಡ್ಡಿಸಹಿತ ಹಣ ಮರಳಿಸಲು, ಪರಿಹಾರ ನೀಡಲು ಆದೇಶಿಸಬಹುದು.

ನಿಮ್ಮ ವಕೀಲರು 2006ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡುತ್ತಾರೆಂದು ಬಲ್ಲೆ. ಬಿಡಿಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ, ವಾರಂಟಿಯಲ್ಲಿ ಇರುವುದು ಅಷ್ಟೇ ಆಗಿದ್ದರೆ, ಇಡೀ ಕಾರನ್ನೇ ಬದಲಿಸಿ ಎನ್ನಲಾಗದು ಎಂಬುದು ಅದರ ಸಾರ. ಒಪ್ಪೋಣ. ನೀವು ಬದಲಿಸದೆ ಬಿಟ್ಟ ಭಾಗ ಯಾವುದು, ಅದನ್ನು ಬದಲಿಸಿದರೆ ಕಾರು ಸರಿಹೋಗುತ್ತದೆಂದು ಬರೆದುಕೊಡುವವರು ಯಾರು, ಹೇಳಿ. ಡೀಲರ್‌ನ ತಪ್ಪು ತಯಾರಕರ ಗಮನಕ್ಕೇ ಬಂದಿರದಿದ್ದರೆ ಅವರನ್ನು ಹೊಣೆಮಾಡಲಾಗದು ಎಂದು 2021ರಲ್ಲಿ ಅದೇ ನ್ಯಾಯಾಲಯ ಹೇಳಿತು. ಆದ್ದರಿಂದಲೇ ಈ ಪತ್ರ ನೇರವಾಗಿ ನಿಮಗೆ, ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ. ‘ಕಂಪನಿ ತೀರ್ಮಾನಿಸಬೇಕು’ ಎಂದು ಡೀಲರ್, ‘ಡೀಲರ್ ಬಳಿ ಹೋಗಿ’ ಎಂದು ನಿಮ್ಮ ಕಾಲ್ ಸೆಂಟರ್. ಈ ಆಟಕ್ಕೆ ಇನ್ನು ನಾನಿಲ್ಲ.

ತಯಾರಿಕಾ ದೋಷವನ್ನು ಸಾಬೀತು ಮಾಡಬೇಕಾದವನು ನಾನೇ, ಗೊತ್ತಿದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ಪ್ರಯೋಗಾಲಯದ ತಪಾಸಣೆಗೆ ಗ್ರಾಹಕ ಕಾಯ್ದೆಯ ಸೆಕ್ಷನ್ 38ರಲ್ಲಿ ದಾರಿ ಇದೆ. ನಾನು ಅದನ್ನೇ ಕೇಳುತ್ತೇನೆ. ದೂರು ನಿಮ್ಮ ಪ್ರಧಾನ ಕಚೇರಿ ಇರುವ ಊರಿನಲ್ಲೇ ದಾಖಲಾಗಬೇಕೆಂದೂ ಇಲ್ಲ; ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಸೆಕ್ಷನ್ 34 ಅವಕಾಶ ಕೊಡುತ್ತದೆ. ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದ ಗಡುವಿದೆ. ‘ನೋಡೋಣ, ನೋಡೋಣ’ ಎಂದು ನನ್ನನ್ನು ಆ ಗಡುವಿನಾಚೆಗೆ ಸಾಗಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಮೆಕ್ಯಾನಿಕ್ ಹೇಳಿದ್ದು ನಿಜವಾಗಿದ್ದರೆ ವಿಷಯ ನನ್ನೊಬ್ಬನದಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ ಸೆಕ್ಷನ್ 110ಎ ಪ್ರಕಾರ, ತಾನು ತಯಾರಿಸಿದ ವಾಹನದಲ್ಲಿ ದೋಷ ಕಂಡ ತಯಾರಕರು ಕೇಂದ್ರ ಸರ್ಕಾರಕ್ಕೆ ತಿಳಿಸಿ ವಾಹನ ಹಿಂಪಡೆಯುವ ಪ್ರಕ್ರಿಯೆ ಆರಂಭಿಸಬೇಕು. ಇದೇ ದೂರು ಬೇರೆ ಮಾಲೀಕರಿಂದಲೂ ಬಂದಿದೆಯೇ? ಹೌದು ಅಥವಾ ಇಲ್ಲ ಎಂದು ಬರವಣಿಗೆಯಲ್ಲಿ ತಿಳಿಸಿ. ಈ ಕಾರು ರಸ್ತೆಯಲ್ಲಿ ನಿಂತು ಯಾರಿಗಾದರೂ ಪೆಟ್ಟಾದರೆ ಗ್ರಾಹಕ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವೂ ತೆರೆದುಕೊಳ್ಳುತ್ತದೆ, ಮತ್ತು ಆಗ ಈ ಪತ್ರ ನಿಮ್ಮ ಕಡತದಲ್ಲಿರುತ್ತದೆ.

ನನ್ನ ಬೇಡಿಕೆ ಇಷ್ಟು. ಅದೇ ಮಾದರಿಯ ದೋಷವಿಲ್ಲದ ಹೊಸ ಕಾರು ಕೊಡಿ. ಇಲ್ಲವೇ ಕಾರಿನ ಬೆಲೆ, ನೋಂದಣಿ ಮತ್ತು ವಿಮೆಗೆ ಕೊಟ್ಟ ಮೊತ್ತವನ್ನು ಬಡ್ಡಿಸಹಿತ ಹಿಂದಿರುಗಿಸಿ. ತೀರ್ಮಾನವಾಗುವವರೆಗೆ ಓಡಾಟಕ್ಕೆ ಬದಲಿ ವಾಹನ ಒದಗಿಸಿ, ಕಾರು ವರ್ಕ್‌ಶಾಪ್‌ನಲ್ಲಿ ನಿಂತ ಅವಧಿಯನ್ನು ವಾರಂಟಿಗೆ ಸೇರಿಸಿ. ಕಾರಿನ ದೋಷದ ಕೋಡ್‌ಗಳ ಪೂರ್ಣ ದಾಖಲೆ ಕೊಡಿ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಇನ್ನು ಯಾವ ಕೋಡನ್ನೂ ಅಳಿಸಬೇಡಿ. ಉಚಿತ ಸರ್ವಿಸ್ ಕೂಪನ್, ಸೀಟ್ ಕವರ್, ವಿಸ್ತರಿತ ವಾರಂಟಿಯ ರಿಯಾಯಿತಿ ಇತ್ಯಾದಿ ಕಣ್ಣೊರೆಸುವ ಕೊಡುಗೆಗಳು ಬೇಡ. ಡೀಲರ್ ಈಗಾಗಲೇ ಅದನ್ನು ಪ್ರಯತ್ನಿಸಿದ್ದಾರೆ.

ಪತ್ರ ತಲುಪಿದ 15 ದಿನಗಳೊಳಗೆ ಅಧಿಕಾರವುಳ್ಳವರ ಸಹಿಯಿರುವ ಉತ್ತರ ಬರದಿದ್ದರೆ, ನಿಮ್ಮನ್ನೂ ಡೀಲರನ್ನೂ ಎದುರುದಾರರನ್ನಾಗಿ ಮಾಡಿ ಜಿಲ್ಲಾ ಆಯೋಗದಲ್ಲಿ ದೂರು ದಾಖಲಿಸುತ್ತೇನೆ.

ಇಂತಿ,
ಕಾರಿನ ನೋಂದಾಯಿತ ಮಾಲೀಕ

ಅಡಕ: ಖರೀದಿ ರಸೀದಿ, ವಾರಂಟಿ ಪುಸ್ತಕದ ಪ್ರತಿ, ಎಲ್ಲ ಜಾಬ್ ಕಾರ್ಡ್‌ಗಳು, ಎಂಜಿನ್ ದೀಪದ ಚಿತ್ರಗಳು, ಟೋಯಿಂಗ್ ರಸೀದಿಗಳು